ರೋಗಿಗಳ ಕೂಟದಲ್ಲಿ ಪಕ್ಷಗಳ ಕಲಹ

ರಾಜಕೀಯ ಚರ್ಚೆಯೇ ನಿತ್ಯದ ಉದ್ಯೋಗವಾಗಿರುವ ವೃತ್ತಪತ್ರಿಕೆಯೊಂದು, ಇಂಥ ಸ್ಥಳದಲ್ಲಿ ರಾಜಕೀಯವು ಬೇಡವೆಂದು ಬರೆಯುವುದನ್ನು ಕಂಡು ವಾಚಕರಲ್ಲಿ ಕೆಲವರು ನಗಬಹುದು. ನಗಲಿ. ಪ್ರಜೆಗಳು ರಾಜ್ಯದ ವಿಷಯಗಳನ್ನು ಕುರಿತು ಸಭೆಯಲ್ಲಿಯೂ, ಸಂತೆಯಲ್ಲಿಯೂ, ವಾಚನಾಲಯದಲ್ಲಿಯೂ ನಿರ್ಭಯವಾಗಿ ವಾದಿಸತಕ್ಕದ್ದೆಂಬುದೇ ನಮ್ಮ ಮತ. ಆದರೆ ಪ್ರತಿಯೊಂದು ಊರಿನಲ್ಲಿಯೂ ಕೆಲವು ಸ್ಥಳಗಳುಂಟು. ಅಲ್ಲಿಗೆ ಮನುಷ್ಯನು ತನ್ನ ಅಭಿಪ್ರಾಯವನ್ನು ಹೊತ್ತು ಹೋಗುವುದಿಲ್ಲ, ತನ್ನ ಸಂಕಟವನ್ನು ಹೊತ್ತು ಹೋಗುತ್ತಾನೆ. ಬೇಗನೆ ವಾಸಿಯಾಗದ ಬೇನೆಗಳುಳ್ಳವರು ಪರಸ್ಪರ ನೆರವಿಗೆಂದು ಕಟ್ಟಿಕೊಂಡ ಕೂಟಗಳು ಅಂಥ ಸ್ಥಳಗಳು. ಅವುಗಳೊಳಗೆ ಈಚೆಗೆ ಪಕ್ಷಾಭಿಮಾನವು ಹೊಗುತ್ತಿರುವುದನ್ನು ಕಂಡು ಈ ನಾಲ್ಕು ಮಾತುಗಳನ್ನು ಬರೆಯಬೇಕಾಗಿದೆ.

ನಾವು ಬಲ್ಲ ಒಂದು ಜಿಲ್ಲಾ ಪಟ್ಟಣದಲ್ಲಿ ಥಲಸ್ಸೀಮಿಯಾ ಎಂಬ ಬೇನೆಯುಳ್ಳ ಮಕ್ಕಳ ತಂದೆತಾಯಿಗಳದೊಂದು ಕೂಟವಿತ್ತು. ಈ ಬೇನೆಯು ಹುಟ್ಟಿನಿಂದಲೇ ಬರತಕ್ಕದ್ದು. ತಂದೆಯಿಂದಲೂ ತಾಯಿಯಿಂದಲೂ ಬಂದ ದೋಷವು ಕೂಡಿದಾಗ ಮಗುವಿನ ಶರೀರವು ತನಗೆ ಬೇಕಾದ ರಕ್ತವನ್ನು ಸರಿಯಾಗಿ ಸಿದ್ಧಪಡಿಸಿಕೊಳ್ಳಲಾರದು. ಬೇನೆಯು ತೀವ್ರವಾಗಿದ್ದಲ್ಲಿ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಪರರ ರಕ್ತವನ್ನು ಏರಿಸಲೇಬೇಕು. ಹೀಗೆ ಏರಿಸಿದ ರಕ್ತದಿಂದ ಶರೀರದಲ್ಲಿ ಕಬ್ಬಿಣದ ಅಂಶವು ಶೇಖರವಾಗಿ ಹೃದಯಕ್ಕೂ ಯಕೃತ್ತಿಗೂ ಅಪಾಯವನ್ನುಂಟುಮಾಡುವುದರಿಂದ, ಅದನ್ನು ಹೊರಗೆಡಹುವ ಔಷಧವನ್ನೂ ನಿತ್ಯ ಕೊಡಬೇಕು. ಆ ಕೂಟದವರು ರಕ್ತದಾನಿಗಳ ಹೆಸರಿನ ಪಟ್ಟಿಯೊಂದನ್ನು ವರ್ಷಾನುಗಟ್ಟಲೆ ಶ್ರಮದಿಂದ ಬೆಳೆಸಿದ್ದರು. ಯಾರ ಮಗುವಿಗೆ ಸರದಿ ಬಂದರೂ ಪಟ್ಟಿಯು ಎಲ್ಲರದು.

ಚುನಾವಣೆ ಬಂದಿತು. ಒಬ್ಬ ತಂದೆ ತನ್ನ ಮೆಚ್ಚಿನ ನಾಯಕನನ್ನು ಕೂಟದಲ್ಲಿ ಹೊಗಳಿದನು. ಮತ್ತೊಬ್ಬನು ಅದಕ್ಕೆ ಚುಚ್ಚಿ ಉತ್ತರ ಕೊಟ್ಟನು. ಮೂರನೆಯವನು ಜಾತಿಯ ಮಾತನ್ನೆತ್ತಿದನು. ತಿಂಗಳು ತುಂಬುವುದರೊಳಗೆ ಕೂಟವು ಎರಡಾಯಿತು, ಪಟ್ಟಿಯೂ ಹರಿದು ಹಂಚಿಹೋಯಿತು. ಯಾವ ಪಕ್ಷದ ಗೊಡವೆಗೂ ಹೋಗದಿದ್ದ ತಾಯಿಯೊಬ್ಬಳು ಎರಡು ಕಡೆಗೂ ಅಂಜಿ ಮನೆಯಲ್ಲಿಯೇ ಉಳಿದಳು. ಆಕೆಯ ಮಗನಿಗೆ ಸರದಿ ಬಂದಾಗ ರಕ್ತಕ್ಕಾಗಿ ಮೂರು ದಿನ ಅಲೆಯಬೇಕಾಯಿತು. ಹುಡುಗನು ಉಳಿದನೆಂಬುದೇ ಸಮಾಧಾನ. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆಗೆ ಇದಕ್ಕಿಂತ ನಿಜವಾದ ಉದಾಹರಣೆಯನ್ನು ನಾವು ಕಂಡಿಲ್ಲ.

ಇಂಥ ಕೂಟಗಳ ಬಂಡವಾಳವು ಹಣವಲ್ಲ, ವಿಶ್ವಾಸ. ವೈದ್ಯರು ರೋಗಿಯನ್ನು ನೋಡುವುದು ಕೆಲವು ನಿಮಿಷ ಮಾತ್ರ. ಉಳಿದ ಕಾಲವೆಲ್ಲ ರೋಗಿಯು ತನ್ನ ಬೇನೆಯೊಡನೆ ತಾನೇ ಬಾಳಬೇಕು. ಮಾತ್ರೆಯನ್ನು ಯಾವ ಹೊತ್ತಿಗೆ ಕೊಟ್ಟರೆ ಮಗುವಿಗೆ ವಾಂತಿಯಾಗದು, ಸರಕಾರದ ಪ್ರಮಾಣಪತ್ರಕ್ಕೆ ಯಾವ ಕಾಗದಗಳು ಬೇಕು, ಶಾಲೆಯ ಉಪಾಧ್ಯಾಯರಿಗೆ ಹೇಗೆ ತಿಳಿಸಿಹೇಳಬೇಕು ಎಂಬಿವನ್ನೆಲ್ಲ ಹೇಳಿಕೊಡತಕ್ಕವರು ಅದೇ ದಾರಿಯಲ್ಲಿ ಮುಂದೆ ನಡೆದವರು. ಲಜ್ಜೆಯನ್ನು ಬಿಟ್ಟು ನೋವನ್ನು ಹೇಳಿಕೊಳ್ಳಬೇಕಾದರೆ, ಕೇಳುವವನು ತನ್ನನ್ನು ಶತ್ರುಪಕ್ಷದವನೆಂದು ಎಣಿಸುವುದಿಲ್ಲವೆಂಬ ಭರವಸೆ ಬೇಕು. ಆ ಭರವಸೆಯು ಹೋದೊಡನೆ ಮೊದಲು ಕೂಟವನ್ನು ಬಿಡುವವನು ಜಗಳಗಂಟನಲ್ಲ. ಎಲ್ಲರಿಗಿಂತ ಹೆಚ್ಚು ನೆರವು ಬೇಕಾದ, ಮೆತ್ತಗಿನ ಮನುಷ್ಯನು.

ಇದು ಹೊಸ ಅನುಭವವೇನೂ ಅಲ್ಲ. ಅಮೇರಿಕದ ಬಾಲ್ಟಿಮೋರ್ ನಗರದಲ್ಲಿ 1840ರಲ್ಲಿ ಆರು ಜನ ಕುಡುಕರು ಸೇರಿ, ಕುಡಿತವನ್ನು ಬಿಡಲು ಒಬ್ಬರಿಗೊಬ್ಬರು ಆಸರೆಯಾಗುವೆವೆಂದು ವಾಷಿಂಗ್ಟನ್ ಹೆಸರಿನ ಸಂಘವೊಂದನ್ನು ಕಟ್ಟಿದರು. ಕೆಲವೇ ವರ್ಷಗಳಲ್ಲಿ ಲಕ್ಷಾಂತರ ಜನರು ಅದರಲ್ಲಿ ಪ್ರತಿಜ್ಞೆ ಮಾಡಿದರು. 1842ರ ಫೆಬ್ರವರಿಯಲ್ಲಿ ತರುಣ ಲಿಂಕನ್ನನು ಸ್ಪ್ರಿಂಗ್‌ಫೀಲ್ಡಿನ ಶಾಖೆಯಲ್ಲಿ ಭಾಷಣ ಮಾಡಿದನು. ಆದರೆ ಆ ಸಂಘವು ಹೊರಗಿನ ವಾದವಿವಾದಗಳಲ್ಲಿ ಸಿಕ್ಕಿಕೊಂಡಿತು; ದಶಕವು ಮುಗಿಯುವಷ್ಟರಲ್ಲಿ ಬಹುಮಟ್ಟಿಗೆ ಕರಗಿಹೋಯಿತು. 1935ರಲ್ಲಿ ಅದೇ ದೇಶದ ಆಕ್ರನ್ ನಗರದಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟವು ಈ ಕಥೆಯಿಂದ ಪಾಠ ಕಲಿತಿತು. ಅದರ ಹನ್ನೆರಡು ಸಂಪ್ರದಾಯಗಳಲ್ಲಿ ಹತ್ತನೆಯದರ ತಾತ್ಪರ್ಯವೇನೆಂದರೆ, ಹೊರಗಿನ ವಿವಾದಗಳ ವಿಷಯದಲ್ಲಿ ಕೂಟಕ್ಕೆ ತನ್ನದೆಂಬ ಅಭಿಪ್ರಾಯವೇ ಇಲ್ಲ. ಸದಸ್ಯರಿಗೆ ಅಭಿಪ್ರಾಯವಿರಬಾರದೆಂದಲ್ಲ, ಕೂಟದ ಹೆಸರಿನಲ್ಲಿ ಅದು ಹೊರಡಬಾರದು. ಮೊದಲಿನದು ಇತಿಹಾಸದ ಪುಟವಾಯಿತು. ಎರಡನೆಯದು ಇಂದಿಗೂ ದೇಶದೇಶಗಳಲ್ಲಿ ಜೀವಂತವಾಗಿದೆ.

ಇಲ್ಲಿ ವಿಚಾರವಂತರು ಒಂದು ಆಕ್ಷೇಪವನ್ನು ತರುವರು. ಔಷಧದ ಬೆಲೆ, ಆಸ್ಪತ್ರೆಯ ಸ್ಥಿತಿ, ರೋಗಿಯ ಹಕ್ಕು, ಇವೆಲ್ಲವೂ ಸರಕಾರದ ಕೈಯಲ್ಲಿರುವಾಗ, ರಾಜಕೀಯ ಬೇಡವೆನ್ನುವುದು ಬಾಯಿಮುಚ್ಚಿಕೊಂಡು ಸಾಯಿರೆಂದಂತಲ್ಲವೆ? ಆಕ್ಷೇಪವು ಹಗುರವಾದುದಲ್ಲ. ನಮ್ಮ ಉತ್ತರವಿಷ್ಟೇ: ಸರಕಾರವನ್ನು ಕೇಳುವುದು ಬೇರೆ, ಪಕ್ಷವನ್ನು ಹೊರುವುದು ಬೇರೆ. ದಕ್ಷಿಣ ಆಫ್ರಿಕದಲ್ಲಿ 1998ರಲ್ಲಿ ಏಡ್ಸ್ ರೋಗಿಗಳ ಪರವಾಗಿ ಟ್ರೀಟ್‌ಮೆಂಟ್ ಆಕ್ಷನ್ ಕ್ಯಾಂಪೇನ್ ಎಂಬ ಚಳವಳಿಯು ಆರಂಭವಾಯಿತು. ಅದರ ಮುಂದಾಳು ಜಾಕಿ ಅಖ್ಮಾತ್‌ರು ಆಳುವ ಪಕ್ಷವಾದ ಆಫ್ರಿಕನ್ ನ್ಯಾಶನಲ್ ಕಾಂಗ್ರೆಸ್ಸಿನವರೇ. ಆದರೂ ಅದೇ ಪಕ್ಷದ ಸರಕಾರವು, ಗರ್ಭಿಣಿಯರಿಂದ ಶಿಶುಗಳಿಗೆ ರೋಗವು ಅಂಟದಂತೆ ತಡೆಯುವ ನೆವಿರಪಿನ್ ಔಷಧವನ್ನು ಎಲ್ಲ ಸರಕಾರಿ ಆಸ್ಪತ್ರೆಗಳಲ್ಲಿ ಕೊಡಲು ಹಿಂದೆಗೆದಾಗ, ಚಳವಳಿಯವರು ನ್ಯಾಯಾಲಯಕ್ಕೆ ಹೋದರು. 2002ರಲ್ಲಿ ಸಂವಿಧಾನ ನ್ಯಾಯಾಲಯವು ಅವರ ಪರವಾಗಿ ತೀರ್ಪು ಕೊಟ್ಟಿತು. ರೋಗಿಗಳ ಬೇಡಿಕೆಯ ಮುಂದೆ ಪಕ್ಷಾಭಿಮಾನವನ್ನು ಹಿಂದಕ್ಕಿಟ್ಟುದೇ ಆ ಜಯದ ಮರ್ಮ.

ನಮ್ಮ ದೇಶದಲ್ಲಿಯೇ ಇದಕ್ಕೆ ಒಪ್ಪುವ ನಿದರ್ಶನವುಂಟು. 1995ರ ಅಂಗವಿಕಲರ ಕಾಯಿದೆಯಲ್ಲಿ ಏಳು ಬಗೆಯ ವೈಕಲ್ಯಗಳು ಮಾತ್ರ ಸೇರಿದ್ದವು. ಥಲಸ್ಸೀಮಿಯಾ, ಹಿಮೋಫೀಲಿಯಾ, ಸಿಕಲ್‌ಸೆಲ್ ಎಂಬ ರಕ್ತದ ಬೇನೆಗಳನ್ನೂ ಒಳಗೊಂಡ ಹೊಸ ಮಸೂದೆಯನ್ನು 2014ರ ಫೆಬ್ರವರಿಯಲ್ಲಿ ರಾಜ್ಯಸಭೆಯಲ್ಲಿ ಮಂಡಿಸಿದವರು ಕಾಂಗ್ರೆಸ್ ಮಂತ್ರಿಗಳಾಗಿದ್ದ ಕನ್ನಡಿಗ ಮಲ್ಲಿಕಾರ್ಜುನ ಖರ್ಗೆಯವರು. ಅಷ್ಟರಲ್ಲಿ ಸರಕಾರವು ಬದಲಾಯಿತು. 2016ರ ಡಿಸೆಂಬರಿನಲ್ಲಿ, ನೋಟು ರದ್ದತಿಯ ಗದ್ದಲದಿಂದ ಪಾರ್ಲಿಮೆಂಟಿನ ಕಲಾಪಗಳು ದಿನದಿನವೂ ನಿಂತುಹೋಗುತ್ತಿದ್ದ ಅಧಿವೇಶನದಲ್ಲಿಯೇ, ಎರಡು ಸಭೆಗಳೂ ಈ ಮಸೂದೆಗೆ ಒಪ್ಪಿಗೆಯಿತ್ತವು. ಆಗ ಅದನ್ನು ನಡೆಯಿಸಿಕೊಟ್ಟವರು ಭಾಜಪ ಮಂತ್ರಿಗಳಾಗಿದ್ದು, 2021ರಲ್ಲಿ ಕರ್ನಾಟಕದ ರಾಜ್ಯಪಾಲರಾಗಿ ಬಂದ ಥಾವರಚಂದ್ ಗೆಹಲೋತರು. ಏಳು ಇದ್ದ ವೈಕಲ್ಯಗಳು ಇಪ್ಪತ್ತೊಂದಾದವು. ಒಂದು ಪಕ್ಷವು ಬಿತ್ತಿದುದನ್ನು ಎದುರು ಪಕ್ಷವು ಕೊಯ್ದುಕೊಟ್ಟಿತು. ರೋಗಿಗಳ ಸಂಘಗಳು ಯಾವುದಾದರೊಂದು ಪಕ್ಷದ ಬಾಲವಾಗಿದ್ದರೆ, ಆಳುವವರು ಬದಲಾದಂದೇ ಅವರ ಅಹವಾಲು ಕಸದ ಬುಟ್ಟಿಗೆ ಸೇರುವ ಭಯವಿರುತ್ತಿತ್ತು. ಸರಕಾರಗಳು ಬರುತ್ತವೆ, ಹೋಗುತ್ತವೆ. ಬೇನೆಯು ಮಾತ್ರ ಐದು ವರ್ಷಕ್ಕೊಮ್ಮೆ ಇಳಿದುಹೋಗುವುದಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ಕೂಟಗಳ ಮುಖಂಡರಲ್ಲಿ ನಮ್ಮ ಸೂಚನೆಗಳು ಕೆಲವು. ಕೂಟದಲ್ಲಿ ಆಸ್ಪತ್ರೆ, ಔಷಧ, ಕಾನೂನು, ಮಾಶಾಸನಗಳ ವಿಚಾರವು ಎಷ್ಟಾದರೂ ನಡೆಯಲಿ. ಆಳುವವರ ತಪ್ಪನ್ನೂ ಕಾರ್ಯವನ್ನು ಹೆಸರಿಸಿ ಖಂಡಿಸಲಿ. ಮತ ಯಾಚನೆಯೂ ನಾಯಕರ ಸ್ತುತಿನಿಂದೆಗಳೂ ಹೊರಗಿರಲಿ. ಬಿನ್ನವತ್ತಳೆಯನ್ನು ಕೊಡುವಾಗ ಎಲ್ಲ ಪಕ್ಷಗಳ ಉಮೇದುವಾರರಿಗೂ ಒಂದೇ ಪ್ರತಿಯನ್ನು ಕೊಡಲಿ. ಪದಾಧಿಕಾರಿಯೊಬ್ಬನು ಚುನಾವಣೆಗೆ ನಿಂತರೆ ಅಷ್ಟು ಕಾಲ ಪದವಿಯನ್ನು ಬಿಟ್ಟಿರಲಿ. ಪಕ್ಷಗಳ ದ್ರವ್ಯವನ್ನು ಮುಟ್ಟದಿರಲಿ. ಸಂದೇಹ ಬಂದಾಗ ಪ್ರತಿಯೊಬ್ಬನೂ ತನ್ನನ್ನು ಕೇಳಿಕೊಳ್ಳತಕ್ಕ ಪ್ರಶ್ನೆಯೊಂದುಂಟು: “ನನ್ನ ಪಕ್ಷವೇ ಅಧಿಕಾರದಲ್ಲಿದ್ದರೂ ಈ ಮಾತನ್ನು ನಾನು ಇದೇ ದನಿಯಲ್ಲಿ ಆಡುತ್ತಿದ್ದೆನೆ?” ಹೌದೆಂದಾದರೆ ಅದು ರೋಗಿಯ ಮಾತು, ಅಲ್ಲವೆಂದಾದರೆ ಪಕ್ಷದ ಮಾತು.

ಇನ್ನೊಂದು ಸೂಚನೆಯೇ ಎಲ್ಲಕ್ಕಿಂತ ಮುಖ್ಯವಾದುದು. ನಿಯಮವನ್ನು ಮುರಿದವನನ್ನು ಹತ್ತು ಜನರೆದುರಿಗೆ ಹಂಗಿಸದೆ, ಏಕಾಂತದಲ್ಲಿ ಕರೆದು ಹೇಳಬೇಕು. ಕೇಳದಿದ್ದರೆ ಮಾತನಾಡುವ ಅವಕಾಶವನ್ನು ಸ್ವಲ್ಪ ಕಾಲ ತಡೆಹಿಡಿಯಬಹುದು. ಆದರೆ ನೆರವನ್ನು ಮಾತ್ರ ಎಂದಿಗೂ ತಡೆಹಿಡಿಯಕೂಡದು. ಅವನ ಮಗುವಿನ ಹೆಸರು ಪಟ್ಟಿಯಲ್ಲಿ ಇದ್ದಲ್ಲಿಯೇ ಇರಬೇಕು. ತಂದೆಯ ಬಾಯಿಯ ತಪ್ಪಿಗೆ ಮಗುವಿನ ರಕ್ತವನ್ನು ದಂಡವಾಗಿ ತೆಗೆದುಕೊಳ್ಳುವ ಕೂಟವು, ತಾನು ದೂರವಿಡಲು ಹೊರಟ ಪಕ್ಷದ್ವೇಷವನ್ನೇ ಬೇರೆ ಹೆಸರಿನಿಂದ ಒಳಗೆ ಕರೆದಂತಾಯಿತು.

ಮೇಲೆ ಹೇಳಿದ ಪಟ್ಟಣದಲ್ಲಿ ಎರಡು ಪಾಲಾದ ಕೂಟವನ್ನು ಮತ್ತೆ ಒಂದುಗೂಡಿಸಲು ಹಿರಿಯರಿಬ್ಬರು ಪ್ರಯತ್ನಿಸುತ್ತಿರುವರೆಂದು ಕೇಳಿ ಸಂತೋಷಪಟ್ಟೆವು. ಅವರು ಮೊದಲು ಜೋಡಿಸಹೊರಟಿರುವುದು ಮನಸ್ಸುಗಳನ್ನಲ್ಲ, ಹರಿದ ಪಟ್ಟಿಯನ್ನು. ಅದೇ ಸರಿಯಾದ ಕ್ರಮ. ರಕ್ತ ಕೊಡುವವನು ಯಾರಿಗೆ ಮತ ಕೊಟ್ಟನೆಂಬುದನ್ನು ರಕ್ತದ ಪರೀಕ್ಷೆಯಲ್ಲಿ ಯಾರೂ ನೋಡುವುದಿಲ್ಲ. ಅದನ್ನು ಪಡೆಯುವ ಮಗುವೂ ಕೇಳುವುದಿಲ್ಲ.