ಆರಿಂಚಿನ ಜಗಳ, ಹನ್ನೆರಡು ಕಿಲೋಮೀಟರಿನ ಗೆರೆ

ಕೆ.ಆರ್. ಪುರದ ಓದುಗರೊಬ್ಬರು ಕೇಳಿದ್ದಾರೆ: ‘ಪಕ್ಕದ ಸೈಟಿನವರು ಕಾಂಪೌಂಡ್ ಕಟ್ಟುವಾಗ ನಮ್ಮ ಕಡೆಗೆ ಆರಿಂಚು ಬಂದಿದ್ದಾರೆ. ನಮ್ಮ ಕ್ರಯಪತ್ರದಲ್ಲಿ 30 ಅಡಿ, ಅವರದ್ದರಲ್ಲೂ 30 ಅಡಿ. ಟೇಪು ಹಿಡಿದರೆ ಎರಡೂ ಸೇರಿ ಐವತ್ತೊಂಬತ್ತೂವರೆ. ಸರ್ವೇಯರ್ ಬಂದರೆ ಯಾರದು ಸರಿ ಎಂದು ಹೇಗೆ ಹೇಳುತ್ತಾರೆ?’

ಗೋಡೆಯಿಂದ ಗೋಡೆಗೆ ಟೇಪು ಹಿಡಿದರೆ ಗೋಡೆ ಎಲ್ಲಿದೆ ಎಂಬುದಷ್ಟೇ ತಿಳಿಯುತ್ತದೆ. ಗಡಿ ಎಲ್ಲಿದೆ ಎಂದು ತಿಳಿಯಲು ಜಗಳದ ಜಾಗದಿಂದ ದೂರ ಹೋಗಬೇಕು. ಈ ಪಾಠ ಕಲಿಯಲು ನಮ್ಮ ಪೂರ್ವ ಬೆಂಗಳೂರಿಗಿಂತ ಒಳ್ಳೆಯ ಜಾಗವಿಲ್ಲ.

ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರ ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಬಾಣಸವಾಡಿಯಿಂದ ಅಗರದವರೆಗೆ ಒಂದು ನೇರ ಗೆರೆ ಅಳೆದ. ಉದ್ದ ಸುಮಾರು 7.43 ಮೈಲಿ, ಎಂದರೆ ಹನ್ನೆರಡು ಕಿಲೋಮೀಟರು. ನಕ್ಷೆಯಲ್ಲಿ ಈ ಎರಡು ಊರುಗಳನ್ನು ಜೋಡಿಸಿ ನೋಡಿ, ಗೆರೆ ಇಂದಿರಾನಗರ, ದೊಮ್ಮಲೂರುಗಳ ಬಳಿಯೇ ಹಾಯುತ್ತದೆ. ಅವನ ಕೈಯಲ್ಲಿದ್ದದ್ದು ನೂರಡಿಯ ಉಕ್ಕಿನ ಸರಪಳಿ. ಚೀನಾದ ಚಕ್ರವರ್ತಿಗೆಂದು ಇಂಗ್ಲೆಂಡಿನಿಂದ ಹೊರಟು, ಅಲ್ಲಿ ಬೇಡವಾಗಿ, ಕೊನೆಗೆ ಇಲ್ಲಿಗೆ ಬಂದ ಸರಪಳಿ ಅದು! ಉಕ್ಕು ಬಿಸಿಲಿಗೆ ಹಿಗ್ಗುತ್ತದೆ. ಹತ್ತು ಡಿಗ್ರಿ ಸೆಲ್ಸಿಯಸ್ ಏರಿದರೆ ನೂರಡಿಗೆ ಮೂರೂವರೆ ಮಿಲಿಮೀಟರು. ಅತ್ಯಲ್ಪ ಅನಿಸಬಹುದು, ಆದರೆ ಹನ್ನೆರಡು ಕಿಲೋಮೀಟರಿಗೆ ಅದು ಹತ್ತಿರಹತ್ತಿರ 1.4 ಮೀಟರು. ಮೊದಲ ಗೆರೆ ತಪ್ಪಿದರೆ ಅದರ ಮೇಲೆ ಕಟ್ಟಿದ ಪ್ರತಿ ತ್ರಿಕೋನವೂ ತಪ್ಪು. ಅದಕ್ಕೇ ಈ ಒಂದೇ ಗೆರೆಗೆ ಎರಡು ತಿಂಗಳು. ಒಂದು ಬಾಹು ಖಚಿತವಾಗಿ ಗೊತ್ತಿದ್ದರೆ ಉಳಿದದ್ದನ್ನು ಕೋನಗಳಿಂದಲೇ ಲೆಕ್ಕ ಹಾಕಬಹುದು. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಆರಂಭವಾಗಿ ಹಿಮಾಲಯದವರೆಗೆ ಬೆಳೆದ ಮಹಾ ಸರ್ವೆ ನಡೆದದ್ದೂ ಇದೇ ವಿಧಾನದಲ್ಲಿ.

ದೊಡ್ಡದನ್ನು ಮೊದಲು ಗಟ್ಟಿಮಾಡಿಕೊಂಡು ಚಿಕ್ಕದಕ್ಕೆ ಇಳಿಯುವುದು ಸರ್ವೇಯರ್ ಕೆಲಸದ ತಿರುಳು. ಅವರು ಬಂದವರೇ ನಿಮ್ಮ ಕಾಂಪೌಂಡ್ ಬಿಟ್ಟು ಎಲ್ಲೋ ಬಾಂದು ಕಲ್ಲು ಹುಡುಕುತ್ತಾ ಹೋದರೆ ಬೇಸರಿಸಬೇಡಿ. ಸರ್ವೆ ನಂಬರಿನ ಮೂಲೆ, ಮೂರು ಗಡಿ ಕೂಡುವ ಕಲ್ಲು, ಹಳೆಯ ಬಾವಿ, ಇವೇ ಅವರ ಬಾಣಸವಾಡಿ, ಅಗರ.

ಆದರೆ ಹಳೆಯ ಕಾಗದಕ್ಕೂ ಒಂದು ಮಿತಿಯಿದೆ. ನಮ್ಮ ಕಂದಾಯ ಸರ್ವೆಯ ಸರಪಳಿ 33 ಅಡಿ, ಅದಕ್ಕೆ 16 ಆಣೆ. ಸರಪಳಿಯ ಉದ್ದಗಲ ಒಂದು ಗುಂಟೆ, 1,089 ಚದರಡಿ. ಹಳೆಯ ಅಳತೆ ದಾಖಲೆಯಾದ ಟಿಪ್ಪಣಿಯ ಲೆಕ್ಕ ಆಣೆಯಲ್ಲಿ. ಒಂದು ಆಣೆ ಎಂದರೆ 2 ಅಡಿ ಮುಕ್ಕಾಲು ಇಂಚು! ಹೊಲ ಅಳೆಯಲು ಅದು ಧಾರಾಳ ಸಾಕಿತ್ತು. ಅದೇ ಹೊಲ 30×40 ಸೈಟುಗಳಾದ ಮೇಲೆ ಆರಿಂಚಿನ ತಗಾದೆಯನ್ನು ಟಿಪ್ಪಣಿಯೊಂದೇ ಬಗೆಹರಿಸಲಾರದು. ಅನುಮೋದಿತ ಬಡಾವಣೆ ನಕ್ಷೆ ಇದ್ದರೆ ಅದೂ ಬೇಕು, ಇಡೀ ಸಾಲನ್ನು ರಸ್ತೆಯಿಂದ ರಸ್ತೆಗೆ ಅಳೆಯಬೇಕು. ಹಾಗೆ ಅಳೆದಾಗ ಕಾಣೆಯಾದ ಆರಿಂಚು ನಾಲ್ಕು ಮನೆ ಆಚೆ ಸಿಗಬಹುದು. ಆಗ ನೀವೂ ಸರಿ, ನಿಮ್ಮ ನೆರೆಯವರೂ ಸರಿ.

ಮೊಬೈಲಿನ ಜಿಪಿಎಸ್ ಇಲ್ಲಿ ನಂಬಲರ್ಹವಲ್ಲ, ಅದು ಕೆಲವು ಮೀಟರುಗಳಷ್ಟು ತಪ್ಪಬಹುದು. ಸ್ಥಿರ ಕೇಂದ್ರಗಳಿಂದ ತಿದ್ದುಪಡಿ ಪಡೆಯುವ ರೋವರ್ ಎಂಬ ಸರ್ವೆ ಉಪಕರಣದಲ್ಲಿ ಈ ತಪ್ಪು ಕೆಲವೇ ಸೆಂಟಿಮೀಟರಿಗೆ ಇಳಿಯುತ್ತದೆ. ಆದರೂ ಹಲಸೂರಿನಂಥ ಇಕ್ಕಟ್ಟಿನ ಗಲ್ಲಿಯಲ್ಲಿ ಆಕಾಶವೇ ಕಾಣದಾಗ ಕೋನ, ದೂರ ಎರಡನ್ನೂ ಅಳೆಯುವ ಟೋಟಲ್ ಸ್ಟೇಷನ್ನೇ ಗತಿ.

ಸರ್ವೆ ಗೆರೆ ತೋರಿಸುತ್ತದೆ, ಹಕ್ಕು ಕೊಡುವುದಿಲ್ಲ. ಹಕ್ಕಿನ ತೀರ್ಮಾನ ಸಿವಿಲ್ ನ್ಯಾಯಾಲಯದ್ದು. ಅಲ್ಲೂ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 26, ನಿಯಮ 9ರಡಿ ಕಮಿಷನರ್ ನೇಮಿಸಿ ಸ್ಥಳ ಪರಿಶೀಲನೆ ಮಾಡಿಸಬಹುದು. ಕಂದಾಯ ಜಮೀನಾದರೆ ಹದ್ದುಬಸ್ತಿಗೆ, ಎಂದರೆ ಗಡಿ ಗುರುತಿಸಿಕೊಡಲು, ಅರ್ಜಿ ಹಾಕಿ. ಹೊಸದಾಗಿ ಕಟ್ಟುವವರಂತೂ ಪಾಯ ತೋಡುವ ಮೊದಲೇ ಅಳತೆ ಮಾಡಿಸಿ, ಅಳೆಯುವ ದಿನ ಪಕ್ಕದ ಮನೆಯವರನ್ನೂ ಕರೆದು ಜೊತೆಗೆ ನಿಲ್ಲಿಸಿಕೊಳ್ಳಿ.