ಎಕ್ಸೆಲ್ ಹಾಳೆ ಏರಿಸಿದ ಮಾತ್ರಕ್ಕೆ ಡೇಟಾಬೇಸ್ ಆಗುವುದಿಲ್ಲ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ಪತ್ತಿನ ಸಂಘವಿರಲಿ, ಹಾಲಿನ ಸಂಘವಿರಲಿ, ಸದಸ್ಯರ ಪಟ್ಟಿ ಎಕ್ಸೆಲ್‌ನಲ್ಲಿ ಬೆಳೆದು ಮೂರ್ನಾಲ್ಕು ಜನ ಅದರಲ್ಲಿ ಕೈಯಾಡಿಸತೊಡಗಿದರೆ ‘ಇದನ್ನ ವೆಬ್‌ಗೆ ಹಾಕಿಬಿಡ್ರಿ’ ಎಂಬ ಮಾತು ಏಳುತ್ತದೆ. ಒಳ್ಳೆಯ ಮಾತೇ. ಅದರ ಜೊತೆ ಬರುವ ಕೆಲವು ನಂಬಿಕೆಗಳು ಮಾತ್ರ ಕೆಲಸ ಕೆಡಿಸುತ್ತವೆ.

ನಂಬಿಕೆ: ಹಾಳೆಯನ್ನು ಇದ್ದ ಹಾಗೇ ಏರಿಸಿದರೆ ಆಯಿತು.

ಆಗುವುದಿಲ್ಲ. ಸರ್ವೆ ನಂಬರಿನ ಕಾಲಂ ನೋಡಿ. 145/2 ಎಂದು ಹೊಡೆದರೆ ಹಾಗೇ ಉಳಿಯುತ್ತದೆ. 12/3 ಎಂದು ಹೊಡೆದರೆ, ಕಂಪ್ಯೂಟರಿನಲ್ಲಿ ನಮ್ಮ ದಿನ-ತಿಂಗಳ ಕ್ರಮವಿದ್ದಾಗ, ಎಕ್ಸೆಲ್ ಅದನ್ನು ಮಾರ್ಚ್ 12 ಮಾಡಿಬಿಡುತ್ತದೆ. ಕಣ್ಣಿಗೆ ಕಾಣುವುದು ತಾರೀಖು, ಒಳಗೆ ಕೂತಿರುವುದು 1900ರಿಂದ ಎಣಿಸಿದ ದಿನಗಳ ಲೆಕ್ಕ. ಹಾಗೇ ಏರಿಸಿದರೆ ಹೊಲದ ಗುರುತೇ ಹೋಯಿತು. 16 ಅಂಕಿಯ ಬ್ಯಾಂಕ್ ಖಾತೆಗೂ ಇದೇ ಗತಿ: ಎಕ್ಸೆಲ್ 15 ಅಂಕಿಯನ್ನಷ್ಟೇ ಹಿಡಿದಿಟ್ಟು ಕೊನೆಯದನ್ನು ಸೊನ್ನೆ ಮಾಡುತ್ತದೆ. ಹೊಡೆಯುವ ಮೊದಲೇ ಕಾಲಮ್ಮನ್ನು ‘ಟೆಕ್ಸ್ಟ್’ ಮಾಡಿರಬೇಕು. ಆಮೇಲೆ ಮಾಡಿದರೆ ಹೋದ ಅಂಕಿ ವಾಪಸ್ ಬಾರದು.

ಇನ್ನು ತಾಲ್ಲೂಕಿನ ಕಾಲಂ. ಒಬ್ಬರು ‘ಸವದತ್ತಿ’ ಬರೆದಿರುತ್ತಾರೆ, ಇನ್ನೊಬ್ಬರು ‘ಸೌಂದತ್ತಿ’, ಮತ್ತೊಬ್ಬರು ಸವದತ್ತಿಯ ಕೊನೆಗೆ ಒಂದು ಖಾಲಿ ಜಾಗ ಬಿಟ್ಟಿರುತ್ತಾರೆ. ನಮಗೆ ಒಂದೇ ಊರು, ಡೇಟಾಬೇಸಿಗೆ ಮೂರು. ಕಿತ್ತೂರು ಮೊದಲು ಬೈಲಹೊಂಗಲ ತಾಲ್ಲೂಕಿನಲ್ಲಿತ್ತು, ಆಮೇಲೆ ತಾನೇ ತಾಲ್ಲೂಕಾಯಿತು. ಇಂಗ್ಲಿಷಿನ ‘ಬೆಲ್ಗಾಂ’ 2014ರ ನವೆಂಬರ್ 1ರಂದು ಅಧಿಕೃತವಾಗಿ ಬೆಳಗಾವಿ ಆಯಿತು. ಪ್ರತಿ ಸದಸ್ಯನ ಮುಂದೆಯೂ ತಾಲ್ಲೂಕು, ಜಿಲ್ಲೆ ಬರೆದಿಟ್ಟವರು ಸಾವಿರಾರು ಸಾಲು ತಿದ್ದಬೇಕು. ಊರುಗಳದು ಒಂದು ಪಟ್ಟಿ, ತಾಲ್ಲೂಕುಗಳದು ಇನ್ನೊಂದು ಪಟ್ಟಿ ಮಾಡಿಟ್ಟವರಿಗೆ ಆ ಪಟ್ಟಿಗಳಲ್ಲಿ ಒಮ್ಮೆ ತಿದ್ದಿದರೆ ಮುಗಿಯಿತು.

ನಂಬಿಕೆ: ಡೇಟಾಬೇಸ್ ಎಂಜಿನಿಯರುಗಳ ವಿದ್ಯೆ, ನಮ್ಮ ಕಾರಕೂನರಿಗೆ ತಿಳಿಯದು.

ಎಲ್ಲಕ್ಕಿಂತ ದೊಡ್ಡ ತಪ್ಪು ಇದೇ ಎಂದು ನನ್ನ ಅಭಿಪ್ರಾಯ. ಸಂಘದಲ್ಲಿ ಸದಸ್ಯರ ರಿಜಿಸ್ಟರ್ ಬೇರೆ, ಕಿರ್ದಿ ಬೇರೆ, ಖತಾವಣಿ ಬೇರೆ. ಮೂರನ್ನೂ ಬೆಸೆಯುವುದು ಸದಸ್ಯನ ನಂಬರು. ಕಿರ್ದಿಯಲ್ಲಿ ಯಾರೂ ದಿನಾ ಅವನ ವಿಳಾಸ, ವಾರಸುದಾರರ ಹೆಸರು ಬರೆಯುತ್ತಿರಲಿಲ್ಲ. 1970ರಲ್ಲಿ ಎಡ್ಗರ್ ಕಾಡ್ ಮಂಡಿಸಿದ ರಿಲೇಶನಲ್ ಮಾದರಿಯೂ ಮಾಹಿತಿಯನ್ನು ಹೀಗೇ ಬೇರೆ ಬೇರೆ ಕೋಷ್ಟಕಗಳಲ್ಲಿಟ್ಟು ನಂಬರಿನಿಂದ ಜೋಡಿಸುತ್ತದೆ. ಎಕ್ಸೆಲ್ ಸಿಕ್ಕ ಮೇಲೆ ನಾವೇ ಆ ಶಿಸ್ತು ಬಿಟ್ಟು ಎಲ್ಲವನ್ನೂ ಒಂದೇ ಅಗಲದ ಹಾಳೆಗೆ ತುಂಬಿದೆವು. ಆದ್ದರಿಂದ ವೆಬ್ ಕೆಲಸ ಶುರು ಮಾಡುವ ಹುಡುಗರು ಮೊದಲು ಹಳೆಯ ಕಾರಕೂನರ ಪಕ್ಕ ಕೂತು, ಯಾವ ಪುಸ್ತಕದಲ್ಲಿ ಏನು ಬರೆಯುತ್ತಿದ್ದಿರಿ ಎಂದು ಕೇಳಬೇಕು.

ಉತಾರ (ಪಹಣಿ) ತೆಗೆಸಿದ ರೈತರೂ ಡೇಟಾಬೇಸ್ ಬಳಸಿದವರೇ. 2000ದ ಸುಮಾರಿಗೆ ಬಂದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ಅಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಊರುಗಳನ್ನು ಟೈಪ್ ಮಾಡುವಂತಿಲ್ಲ, ಪಟ್ಟಿಯಿಂದ ಆರಿಸಬೇಕು. ಸರ್ವೆ ನಂಬರ್ ಒಂದು ಮನೆಯಲ್ಲಿ, ಹಿಸ್ಸಾ ಇನ್ನೊಂದು ಮನೆಯಲ್ಲಿ. ಹೊಲ ತಾರೀಖಾಗುವ ಪ್ರಶ್ನೆಯೇ ಬರುವುದಿಲ್ಲ.

ನಂಬಿಕೆ: ಇದಕ್ಕೆ ಲಕ್ಷಗಟ್ಟಲೆ ಹಣ ಬೇಕು.

2000ದಲ್ಲಿ ಬಂದ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ತಂತ್ರಾಂಶ ಪುಕ್ಕಟೆ. ಇಡೀ ಡೇಟಾಬೇಸ್ ಒಂದೇ ಫೈಲಿನಲ್ಲಿ ಕೂರುತ್ತದೆ. 2005ರಲ್ಲಿ ಬಿಡುಗಡೆಯಾದ, ವೆಬ್ ಪುಟ ಕಟ್ಟುವ ಜಾಂಗೋ ತಂತ್ರಾಂಶ ಸಹ ಪುಕ್ಕಟೆ. ಕೋಷ್ಟಕಗಳ ವಿವರ ಕೊಟ್ಟರೆ ಲಾಗಿನ್, ಸೇರಿಸುವ, ತಿದ್ದುವ ಪುಟಗಳು ಸಿದ್ಧವಾಗಿ ಸಿಗುತ್ತವೆ. ಒಂದು ಸಂಘಕ್ಕೆ ಧಾರಾಳ. ಕಷ್ಟ ಇರುವುದು ಹಳೆಯ ಹಾಳೆ ಶುದ್ಧ ಮಾಡುವುದರಲ್ಲಿ. ಅದಕ್ಕೆ ಸಮಯವನ್ನೂ ಸಂಬಳವನ್ನೂ ಎತ್ತಿಡಬೇಕು.

ನಂಬಿಕೆ: ವೆಬ್ ಬಂದ ಮೇಲೆ ಎಕ್ಸೆಲ್ ಬೇಡ.

ಬೇಕು. ವರ್ಷದ ಕೊನೆಗೆ ಮಾಹಿತಿ ಇಳಿಸಿಕೊಂಡು ಲೆಕ್ಕ ಹಾಕಲು ಅದರಷ್ಟು ಸಲೀಸು ಬೇರೆ ಇಲ್ಲ. ತಿದ್ದುಪಡಿ ಮಾತ್ರ ಒಂದೇ ಕಡೆ, ಡೇಟಾಬೇಸಿನಲ್ಲೇ ಆಗಬೇಕು.

ನಂಬಿಕೆ: ಆನ್‌ಲೈನ್ ಆದರೆ ಸುರಕ್ಷಿತ.

ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇದ್ದರೆ ಯಾರು ಬಾಕಿ ತಿದ್ದಿದರೋ ಗೊತ್ತಾಗುವುದಿಲ್ಲ. ‘ಭೂಮಿ’ಯಲ್ಲಿ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗುವ ಏರ್ಪಾಡು ಮಾಡಿದ್ದು ಇದಕ್ಕೇ. ಸಂಘದಲ್ಲಿ ತಲೆಗೊಂದು ಲಾಗಿನ್ ಆದರೂ ಇರಲಿ. ದಿನಾ ಸಂಜೆ ಒಂದು ಪ್ರತಿ ಬೇರೆ ಜಾಗಕ್ಕೆ ಹೋಗಲಿ. ಎಸ್‌ಕ್ಯೂಲೈಟ್ ಫೈಲನ್ನು ಯಾರಾದರೂ ಬರೆಯುತ್ತಿರುವಾಗಲೇ ನಕಲು ಮಾಡಿದರೆ ಪ್ರತಿ ಕೆಡಬಹುದು, ಅದಕ್ಕೆಂದೇ ಇರುವ ಬ್ಯಾಕಪ್ ಆಜ್ಞೆ ಬಳಸಬೇಕು. ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು, ನಾಲ್ಕು ಸದಸ್ಯರ ಬಾಕಿಯನ್ನು ಖತಾವಣಿಗೆ ತಾಳೆ ನೋಡಬೇಕು.