ಬದುಕಿ ಬಂದವನ ಬಿನ್ನಹ

ಶಿಕಾರಿಪುರದಿಂದ ಶಿರಾಳಕೊಪ್ಪವನ್ನು ಹಾದು ಸೊರಬವನ್ನು ಮುಟ್ಟುವ ಸೀಮೆಯಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ಗುಡಿಯ ಅಂಗಳದಲ್ಲಿ, ಕೆರೆಯ ಏರಿಯ ಮೇಲೆ, ತೋಟದ ಬೇಲಿಯ ಬದಿಯಲ್ಲಿ, ಕೆಲವೆಡೆ ಅರ್ಧ ಹೂತುಹೋಗಿ, ಕೆಲವೆಡೆ ಅರಿಸಿನ ಕುಂಕುಮ ಬಳಿಸಿಕೊಂಡು ಅವು ನಿಂತಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವಣದರಲ್ಲಿ ಮಡಿದ ವೀರನನ್ನು ಅಪ್ಸರೆಯರು ಕರೆದೊಯ್ಯುವ ನೋಟ. ಮೇಲಣದರಲ್ಲಿ ಶಿವಲಿಂಗದ ಸನ್ನಿಧಿಯಲ್ಲಿ ಅವನು ಕೈಮುಗಿದು ಕುಳಿತಿರುವ ಚಿತ್ರ. ಬರೆಹವಿದ್ದರೆ ಆಗ ಆಳುತ್ತಿದ್ದ ಅರಸನಾರು, ಕಾಳಗ ನಡೆದುದೆಲ್ಲಿ, ಸತ್ತವನು ಯಾರ ಮಗ, ಅವನ ಮನೆಯವರಿಗೆ ಬಿಟ್ಟ ಭೂಮಿಯಾವುದು ಎಂಬ ಸಂಗತಿಗಳೂ ಅಲ್ಲಿರುವುದುಂಟು. ಅಂಥ ಭೂಮಿಗೆ ನಮ್ಮ ಹಿರಿಯರು ಇಟ್ಟ ಹೆಸರು ನೆತ್ತರುಗೊಡಗೆ. ಚೆಲ್ಲಿದ ನೆತ್ತರಿಗಾಗಿ ಕೊಟ್ಟ ಕೊಡುಗೆ ಎಂದರ್ಥ.

ಈ ಕಲ್ಲುಗಳ ಮುಂದೆ ನಿಂತವರಿಗೆ ಒಂದು ಪ್ರಶ್ನೆ ಏಳಬೇಕಾದುದು ಸಹಜ. ಕೆಳಗಿನ ಪಟ್ಟಿಕೆಯಿಂದ ನಡುವಣ ಪಟ್ಟಿಕೆಗೆ ಏರದೆ, ಅಂದರೆ ಸಾಯದೆ, ಕಾಳಗದಿಂದ ಮನೆಗೆ ಮರಳಿದವನ ಗತಿಯೇನು?

ಅವನನ್ನೂ ನಮ್ಮ ಪ್ರಾಚೀನರು ಮರೆತಿರಲಿಲ್ಲ. ಅವನಿಗೆ ಸಲ್ಲುತ್ತಿದ್ದ ದತ್ತಿಗೆ ‘ಬಾಳ್ಗಳ್ಚು’ ಎಂದು ಹೆಸರು. ಬಾಳ್ ಎಂದರೆ ಕತ್ತಿ, ಕಳ್ಚು ಎಂದರೆ ತೊಳೆ. ಕತ್ತಿಗಂಟಿದ ನೆತ್ತರನ್ನು ತೊಳೆದು ಕೊಡುವ ಮನ್ನಣೆ ಅದು. ಸುಮಾರು 450ರದೆಂದು ವಿದ್ವಾಂಸರು ಹೇಳುವ ಹಲ್ಮಿಡಿ ಶಾಸನವನ್ನು ಕನ್ನಡ ಓದುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಬಲ್ಲ. ಇದೇ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸಿಂಹಕಟಾಂಜನ ಶಾಸನವು ಅದಕ್ಕೂ ಹಿಂದಿನದೆಂಬ ವಾದವುಂಟು; ಅದಿರಲಿ. ಹಲ್ಮಿಡಿ ಶಾಸನದ ತಿರುಳೇನೆಂಬುದನ್ನು ಮಾತ್ರ ನಾವು ಅಷ್ಟಾಗಿ ಗಮನಿಸುವುದಿಲ್ಲ. ಕಾಳಗದಲ್ಲಿ ಪರಾಕ್ರಮ ತೋರಿದ ವಿಜಅರಸನೆಂಬ ಯೋಧನಿಗೆ ಎರಡು ಊರುಗಳನ್ನು ಬಾಳ್ಗಳ್ಚಾಗಿ ಕೊಟ್ಟುದೇ ಅದರ ವಿಷಯ. ನಮ್ಮ ನುಡಿಯ ಅತ್ಯಂತ ಹಳೆಯ ದಾಖಲೆಗಳಲ್ಲೊಂದು, ಬದುಕಿ ಬಂದ ಸೈನಿಕನಿಗೆ ಸಲ್ಲಬೇಕಾದುದನ್ನು ಸಲ್ಲಿಸಿದ ಪತ್ರವಾಗಿದೆ!

ಐದು ಶತಮಾನಗಳ ಬಳಿಕ, 949-50ರ ಆತಕೂರಿನ ಕಲ್ಲಿನಲ್ಲಿಯೂ ಇದೇ ಮಾತು ಬರುತ್ತದೆ. ತಕ್ಕೋಲದ ಯುದ್ಧದಲ್ಲಿ ಕಾದಿದ ಮಣಲೆರನಿಗೆ, ಬೇಕಾದುದನ್ನು ಕೇಳೆಂದಾಗ, ಅವನು ಕೇಳಿದುದು ಕಾಳಿಯೆಂಬ ಬೇಟೆನಾಯಿಯನ್ನು. ಅವನಿಗೆ ಬಾಳ್ಗಳ್ಚಾಗಿ ಊರುಗಳೂ ಸಂದುವು. ಭೀಕರ ಯುದ್ಧವೊಂದನ್ನು ಕಂಡು ಬಂದವನಿಗೆ ಮೊದಲು ಬೇಕೆನಿಸಿದುದು ಒಂದು ನಾಯಿಯ ಸಂಗವೆಂಬುದನ್ನು ಓದಿದಾಗಲೆಲ್ಲ ನನ್ನ ಮನಸ್ಸು ಸ್ವಲ್ಪ ಹೊತ್ತು ಅಲ್ಲಿಯೇ ನಿಲ್ಲುತ್ತದೆ.

ಇಲ್ಲಿ ಶಬ್ದದ ವಿಷಯವಾಗಿ ಒಂದು ಮಾತು. ಹಳಗನ್ನಡದಲ್ಲಿ ಕತ್ತಿಯೆಂಬ ಅರ್ಥದ ‘ಬಾಳ್’ ಕುಳಾಕ್ಷರದ್ದು. ಬದುಕೆಂಬ ಅರ್ಥದ ‘ಬಾೞ್’ ರಳಾಕ್ಷರದ್ದು. ರಳವು ಬಳಕೆಯಿಂದ ಜಾರಿದ ಮೇಲೆ ಎರಡಕ್ಕೂ ಒಂದೇ ರೂಪವಾಯಿತು. ಕತ್ತಿಯನ್ನು ತೊಳೆಯುವುದಕ್ಕೆ ನಮ್ಮಲ್ಲಿ ಅಂದೇ ಶಬ್ದವಿತ್ತು. ಬದುಕಿಗೆ ಅಂಟಿದ ನೆತ್ತರನ್ನು ತೊಳೆಯುವುದಕ್ಕೆ ಶಬ್ದವನ್ನು ನಾವಿನ್ನೂ ಹುಡುಕುತ್ತಿದ್ದೇವೆ.

ಹೆಸರಿಲ್ಲದ ಗಾಯ

ಆ ಗಾಯಕ್ಕೆ ಹೆಸರು ದೊರೆತುದೇ ಬಹಳ ತಡವಾಗಿ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯನು ‘ಶೆಲ್ ಶಾಕ್’ ಎಂಬ ಮಾತನ್ನು ವೈದ್ಯಪತ್ರಿಕೆಯಲ್ಲಿ ಬಳಸಿದನು. ನಡುಗುವ, ಮಾತು ನಿಂತುಹೋದ, ನಿದ್ದೆಯಲ್ಲಿ ಚೀರುವ ಸೈನಿಕರು ರೋಗಿಗಳೋ ಹೇಡಿಗಳೋ ಎಂಬ ಜಿಜ್ಞಾಸೆ ಆಗ ನಡೆಯಿತು. ಆ ಯುದ್ಧದಲ್ಲಿ ಹೇಡಿತನ, ಪಲಾಯನ ಮೊದಲಾದ ಆರೋಪಗಳ ಮೇಲೆ ತನ್ನವರ ಗುಂಡಿಗೇ ಬಲಿಯಾದ 306 ಮಂದಿಗೆ ಬ್ರಿಟಿಷ್ ಸರಕಾರವು ಕ್ಷಮೆಯನ್ನಿತ್ತುದು 2006ರಲ್ಲಿ. ಅದೇ ಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಮೈಸೂರು ಲ್ಯಾನ್ಸರ್ಸ್ ಪಡೆಯ ನಮ್ಮ ಸವಾರರೂ ಹೈಫಾದ ಮೇಲೆ ಕುದುರೆಗಳನ್ನು ನುಗ್ಗಿಸಿದ್ದರು. ಅವರ ಶೌರ್ಯವನ್ನು ನಾವು ಸ್ಮರಿಸುತ್ತೇವೆ. ಊರಿಗೆ ಮರಳಿದ ಮೇಲೆ ಅವರು ರಾತ್ರಿಗಳನ್ನು ಹೇಗೆ ಕಳೆದರೆಂಬುದನ್ನು ಕೇಳಿದವರು ವಿರಳ.

ಈಗ ವೈದ್ಯರು ‘ಪೋಸ್ಟ್ ಟ್ರೌಮ್ಯಾಟಿಕ್ ಸ್ಟ್ರೆಸ್ ಡಿಸಾರ್ಡರ್’ ಎನ್ನುವ ವ್ಯಾಧಿಯು ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯನ್ನು ಸೇರಿದುದು 1980ರಲ್ಲಿ. ಕಂಡ ಘೋರವು ಮುಗಿದುಹೋಗದೆ ಮತ್ತೆ ಮತ್ತೆ ಕಣ್ಣೆದುರು ನಡೆಯುವುದು, ಸಣ್ಣ ಸಪ್ಪಳಕ್ಕೂ ಮೈ ಜುಮ್ಮೆನ್ನುವುದು, ಅದನ್ನು ನೆನಪಿಸುವ ಜಾಗಗಳಿಂದ ದೂರ ಸರಿಯುವುದು, ಹೆಂಡತಿ ಮಕ್ಕಳ ನಡುವೆ ಇದ್ದೂ ಇಲ್ಲದಂತಾಗುವುದು ಇದರ ಲಕ್ಷಣಗಳು. ನಮ್ಮ ಹಳ್ಳಿಗಳಲ್ಲಿ ಇದನ್ನು ಗಾಳಿ ಸೋಕಿದೆಯೆನ್ನುತ್ತಾರೆ, ಮಂಕು ಹಿಡಿದಿದೆಯೆನ್ನುತ್ತಾರೆ.

ಒಂದು ಕಾಗದದ ಕಟ್ಟು

ಸೊರಬದ ಕಡೆಯ ಹಳ್ಳಿಯೊಂದರಿಂದ ಬರುತ್ತಿದ್ದ ನನ್ನ ವಿದ್ಯಾರ್ಥಿನಿಯೊಬ್ಬಳು 2024ರಲ್ಲಿ ತನ್ನ ತಂದೆಯ ಕಾಗದಗಳ ಕಟ್ಟನ್ನು ತಂದು ನನ್ನ ಮುಂದಿಟ್ಟಳು. ‘ಸಾರ್, ಇದರಲ್ಲಿ ಅಪ್ಪನ ಬಗ್ಗೆ ಏನು ಬರೆದಿದ್ದಾರೆ, ಕನ್ನಡದಲ್ಲಿ ಹೇಳಿ’ ಎಂದಳು. ತಂದೆ ಎಂಟು ವರ್ಷ ಸಿಪಾಯಿಯಾಗಿದ್ದವರು. ಗಡಿಯ ಬೆಟ್ಟವೊಂದರಲ್ಲಿ ನೆಲಬಾಂಬು ಸಿಡಿದು ಜೊತೆಗಾರನೊಬ್ಬ ಕಣ್ಣೆದುರೇ ಸತ್ತ ಮೇಲೆ ಕ್ರಮೇಣ ಕೆಲಸಕ್ಕೆ ಬಾರದವರಾಗಿ, 2006ರಲ್ಲಿ ಮನೋವ್ಯಾಧಿಯ ಕಾರಣದಿಂದ ಮನೆಗೆ ಕಳುಹಿಸಲ್ಪಟ್ಟವರು. ವೈದ್ಯಮಂಡಲಿಯು ಅವರ ವೈಕಲ್ಯವನ್ನು ನೂರಕ್ಕೆ 30 ಎಂದು ಅಳೆದಿತ್ತು. ಆದರೆ ಕಾರಣದ ಅಂಕಣದಲ್ಲಿದ್ದುದು ಒಂದೇ ಸಾಲು: ವ್ಯಾಧಿಯು ಸೇವೆಯಿಂದ ಉಂಟಾದುದಲ್ಲ, ಸೇವೆಯಿಂದ ಉಲ್ಬಣಿಸಿದುದೂ ಅಲ್ಲ, ಅದು ಆತನ ಪ್ರಕೃತಿಯಲ್ಲಿಯೇ ಇದ್ದುದು. ಆ ಒಂದು ಸಾಲಿನ ಬಲದಿಂದ ಪಿಂಚಣಿ ಇಲ್ಲವಾಯಿತು.

ಆತನನ್ನು ಕಾಣಲು ಒಂದು ಭಾನುವಾರ ಹಳ್ಳಿಗೆ ಹೋದೆ. ಹೆಚ್ಚು ಮಾತಿನವರಲ್ಲ. ‘ಮೇಷ್ಟ್ರೆ, ಕೈಯೋ ಕಾಲೋ ಹೋಗಿದ್ದರೆ ತೋರಿಸಬಹುದಿತ್ತು. ಇದನ್ನ ಎಲ್ಲಿಂದ ತೋರಿಸಲಿ?’ ಎಂದರು. ದೀಪಾವಳಿ ಕಳೆದ ಮೇಲೆ ನಮ್ಮ ಸೀಮೆಯಲ್ಲಿ ಹೋರಿ ಬೆದರಿಸುವ ಹಬ್ಬ ನಡೆಯುವುದಷ್ಟೆ. ಕೊಬ್ಬರಿಯ ಹಾರ, ಬಲೂನು, ಝೂಲಗಳಿಂದ ಸಿಂಗರಿಸಿದ ಹೋರಿಗಳು ಪಟಾಕಿಯ ಸದ್ದಿನ ನಡುವೆ ಜನರ ಸಾಲನ್ನು ಸೀಳಿಕೊಂಡು ಓಡುತ್ತವೆ. ಆ ದಿನಗಳಲ್ಲಿ ಇವರು ತೋಟದ ಮನೆಯ ಬಾಗಿಲು ಹಾಕಿಕೊಂಡು ಕೂರುವರೆಂದೂ, ಚಂದ್ರಗುತ್ತಿಯ ಅಮ್ಮನಿಗೆ ಹರಕೆ ಹೊತ್ತುದೆಷ್ಟೋ ಸಲವೆಂದೂ ಅವರ ಪತ್ನಿ ಹೇಳಿದರು. ಊರೆಲ್ಲ ಹೋರಿ ಬೆದರಿಸಿ ಸಂತೋಷಪಡುವಾಗ ಬೆದರಿದ ಮನುಷ್ಯನೊಬ್ಬನು ಬಾಗಿಲ ಹಿಂದೆ ಇದ್ದನು.

ನಿಯಮದ ನಡೆ

ಇಂಥ ಬಿನ್ನಹದ ದಾರಿಯು ದೀರ್ಘವಾದುದು, ಆದರೆ ಮುಚ್ಚಿದುದಲ್ಲ. ಯೋಧನು ಸೇವೆಯನ್ನು ಬಿಟ್ಟ ದಿನಾಂಕವು ಯಾವ ನಿಯಮ ಅನ್ವಯಿಸುತ್ತದೆಂಬುದನ್ನು ನಿರ್ಣಯಿಸುತ್ತದೆ. 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮಗಳು ಜಾರಿಗೆ ಬಂದಿವೆ. ಹಿಂದೆ ಹೊರಬಂದು 1982ರ ನಿಯಮಗಳಿಗೆ ಒಳಪಟ್ಟವರಿಗೆ, ಆ ನಿಯಮಗಳನ್ನು ಕುರಿತು ಸುಪ್ರೀಂ ಕೋರ್ಟು 2013ರಲ್ಲಿ ಧರ್ಮವೀರ ಸಿಂಗ್ ಎಂಬ ಸಿಪಾಯಿಯ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪೇ ಆಧಾರ. ಸೈನ್ಯಕ್ಕೆ ಸೇರುವಾಗ ರೋಗದ ಉಲ್ಲೇಖವಿಲ್ಲದಿದ್ದರೆ, ಆಮೇಲೆ ಕಂಡ ರೋಗವು ಸೇವೆಯಿಂದಲೇ ಬಂದುದೆಂದು ಭಾವಿಸತಕ್ಕದ್ದು. ಅಲ್ಲವೆಂದು ತೋರಿಸುವ ಹೊಣೆ ಸರಕಾರದ್ದೇ ಹೊರತು ಸಿಪಾಯಿಯದಲ್ಲ. ವೈದ್ಯಮಂಡಲಿಯು ತನ್ನ ಅಭಿಪ್ರಾಯಕ್ಕೆ ಕಾರಣವನ್ನು ಬರೆಯಲೇಬೇಕು. ಇದು ಆ ತೀರ್ಪಿನ ಸಾರಾಂಶ. 2025ರ ಮೇ ತಿಂಗಳಲ್ಲಿ ಸ್ಕಿಜೋಫ್ರೇನಿಯ ಎಂದು ಬರೆದು ಹೊರಗೆ ಕಳುಹಿಸಿದ್ದ ಸೈನಿಕನೊಬ್ಬನ ವಿಷಯದಲ್ಲಿಯೂ ಅದೇ ನ್ಯಾಯಾಲಯವು, ಕಾರಣ ಕೊಡದ ವರದಿಯು ನಿಲ್ಲಲಾರದೆಂದು ಹೇಳಿ ಪಿಂಚಣಿಯನ್ನು ಕೊಡಿಸಿತು.

ಹಳೆಯ ನಿಯಮದಡಿಯಲ್ಲಿ ವೈಕಲ್ಯವು ನೂರಕ್ಕೆ 20 ಆದರೂ ಇರಬೇಕು. ಪೂರ್ಣ ವೈಕಲ್ಯಕ್ಕೆ ಸಲ್ಲುವ ಅಂಶ ಕೊನೆಯ ವೇತನದ ನೂರಕ್ಕೆ 30. ವ್ಯಾಧಿಯ ಕಾರಣದಿಂದ ಹೊರಬಿದ್ದವನ ವೈಕಲ್ಯ 50ಕ್ಕಿಂತ ಕಡಮೆಯಿದ್ದರೆ ಅದನ್ನು 50 ಎಂದು ಎಣಿಸುವ ಪದ್ಧತಿಯೂ ಉಂಟು. ತಿರಸ್ಕಾರವಾದ ಆರು ತಿಂಗಳೊಳಗೆ ಮೊದಲ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ ಎರಡನೆಯದು, ಆ ಬಳಿಕ 2007ರ ಕಾಯಿದೆಯಂತೆ ಸ್ಥಾಪಿತವಾದ ಸಶಸ್ತ್ರಪಡೆಗಳ ನ್ಯಾಯಮಂಡಲಿ. ಅವಧಿ ಮೀರಿದವರು ಎದೆಗೆಡಬೇಕಾಗಿಲ್ಲ. ಪಿಂಚಣಿಯ ನಿರಾಕರಣೆಯು ತಿಂಗಳು ತಿಂಗಳೂ ಮುಂದುವರಿಯುವ ಅನ್ಯಾಯವೆಂದು 2008ರಲ್ಲಿಯೇ ಸುಪ್ರೀಂ ಕೋರ್ಟು ಒಪ್ಪಿದೆ. ಆದರೆ ಹಿಂದಿನ ಬಾಕಿ ಸಾಮಾನ್ಯವಾಗಿ ಮೂರು ವರ್ಷಕ್ಕೆ ಮಾತ್ರ ದೊರೆಯುತ್ತದೆ; ತಡಮಾಡಿದಷ್ಟೂ ನಷ್ಟ. ವೈದ್ಯಮಂಡಲಿಯ ವರದಿ ಕೈಯಲ್ಲಿಲ್ಲದಿದ್ದರೆ 2005ರ ಮಾಹಿತಿ ಹಕ್ಕಿನ ಕಾಯಿದೆಯಡಿ ಅದನ್ನು ಕೇಳಬಹುದು. ಸೈನಿಕ ಕಲ್ಯಾಣ ಕಚೇರಿಗಳ ಮೂಲಕ ಉಚಿತ ಕಾನೂನು ನೆರವನ್ನು ಒದಗಿಸುವ ‘ವೀರ ಪರಿವಾರ ಸಹಾಯತಾ ಯೋಜನೆ’ಯೂ 2025ರ ಜುಲೈಯಲ್ಲಿ ಆರಂಭವಾಗಿದೆ. ಮನಸ್ಸಿನ ಸಂಕಟಕ್ಕೆ ದೂರವಾಣಿಯಲ್ಲಿ ಕನ್ನಡದಲ್ಲಿಯೇ ಸಮಾಧಾನ ಹೇಳುವ ‘ಟೆಲಿ ಮಾನಸ್’ನ ಸಂಖ್ಯೆ 14416.

ಬೇಡಿಕೆಯಲ್ಲ, ದಾಖಲೆ

ಆ ಕಟ್ಟಿನಲ್ಲಿ ಯಾರೋ ಬರೆದುಕೊಟ್ಟಿದ್ದ ಹಳೆಯ ಅರ್ಜಿಯೊಂದಿತ್ತು. ‘ನಾನು ಬಡವ, ಸಂಸಾರಸ್ಥ, ತಾವು ದೊಡ್ಡವರು, ದಯಮಾಡಿ’ ಎಂದು ಎರಡು ಪುಟ. ಬಾಂಬು ಸಿಡಿದ ವಿಷಯ ಅದರಲ್ಲಿ ಒಂದಕ್ಷರವೂ ಇರಲಿಲ್ಲ! ಅದನ್ನು ಓದಿದಾಗ ನನಗೆ ವೀರಗಲ್ಲುಗಳ ಬರೆಹ ನೆನಪಾಯಿತು. ವೀರಗಲ್ಲು ಯಾರ ದಯೆಯನ್ನೂ ಯಾಚಿಸುವುದಿಲ್ಲ. ಇಂಥ ವರ್ಷ, ಇಂಥ ಅರಸನ ಆಳಿಕೆ, ಇಂಥ ಎಡೆ, ಇಂಥವನ ಮಗ ಹೀಗೆ ಮಾಡಿದನು, ಆದುದರಿಂದ ಇದು ಅವನಿಗೆ ಸಲ್ಲತಕ್ಕದ್ದು. ಇಷ್ಟೇ. ಒಳ್ಳೆಯ ಮೇಲ್ಮನವಿಯ ಲಕ್ಷಣವೂ ಇದೇ ಅಲ್ಲವೆ? ಸೇರಿದ ದಿನ ಆರೋಗ್ಯ ಹೇಗಿತ್ತು, ಯಾವ ತುಕಡಿಯಲ್ಲಿ ಎಲ್ಲಿದ್ದನು, ಯಾವ ದಿನ ಏನು ನಡೆಯಿತು, ಆ ಬಳಿಕ ನಿದ್ದೆ ಯಾವಾಗ ಕೆಟ್ಟಿತು, ಯಾವ ಆಸ್ಪತ್ರೆಗೆ ಕಳುಹಿಸಿದರು, ಕಂಡವರು ಯಾರು, ಇಂದಿನ ಮನೋವೈದ್ಯರು ಏನು ಹೇಳುತ್ತಾರೆ ಎಂಬಿವು ಒಂದರ ಹಿಂದೊಂದು ಬರಬೇಕು.

ಆ ಹುಡುಗಿಗೆ ಒಂದು ನೋಟುಬುಕ್ಕು ಕೊಟ್ಟು, ತಂದೆ ಹೇಳಿದಂತೆ, ಹೇಳಿದಷ್ಟನ್ನೇ, ಅವರ ಮಾತಿನಲ್ಲಿಯೇ ಬರೆದುಕೊಳ್ಳೆಂದೆ. ಒತ್ತಾಯಪಡಿಸಬೇಡ, ನಿಲ್ಲಿಸಿದಾಗ ನಿಲ್ಲಿಸು ಎಂದೂ ಹೇಳಿದೆ. ಮೂರು ತಿಂಗಳು ಹಿಡಿಯಿತು. ಹನ್ನೊಂದನೆಯ ಪುಟದಲ್ಲಿ ಇಪ್ಪತ್ತು ವರ್ಷ ಹೆಂಡತಿಗೂ ಹೇಳದ ಮಾತೊಂದು ಬಂದಿತು. ಆ ದಿನ ಗಸ್ತಿನ ಸಾಲಿನಲ್ಲಿ ತನ್ನ ಜಾಗದಲ್ಲಿ ನಡೆದವನು ಸತ್ತವನು. ಬೂಟಿನ ದಾರ ಕಟ್ಟಲು ತಾನು ಒಂದು ಹೆಜ್ಜೆ ಹಿಂದೆ ಉಳಿದಿದ್ದೆ ಎಂದು. ಪ್ರಕೃತಿಯಲ್ಲಿಯೇ ಇದ್ದ ವ್ಯಾಧಿಯೆಂದು ಬರೆದವರಿಗೆ ಈ ಬೂಟಿನ ದಾರದ ಸಂಗತಿ ಗೊತ್ತಿರಲಿಲ್ಲ, ಕೇಳಿದವರಿರಲಿಲ್ಲ. ಆ ಪುಟಗಳ ಅನುವಾದವನ್ನೂ ವೈದ್ಯರ ಪ್ರಮಾಣಪತ್ರವನ್ನೂ ಸೇರಿಸಿ ಮೇಲ್ಮನವಿ ಹೋಗಿದೆ. ತೀರ್ಮಾನ ಇನ್ನೂ ಬಂದಿಲ್ಲ.

ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯದ 1162ರ ಶಾಸನವು ಅಲ್ಲಿಯ ಕೋಡಿಯ ಮಠವನ್ನು ಬಣ್ಣಿಸುತ್ತದೆ. ವೇದ, ವ್ಯಾಕರಣ, ಕಾವ್ಯಗಳನ್ನು ಕಲಿಸುತ್ತಿದ್ದ ಆ ವಿದ್ಯಾಸ್ಥಾನದಲ್ಲಿಯೇ ದೀನರಿಗೂ ಕುಂಟರಿಗೂ ಕುರುಡರಿಗೂ ಅನ್ನವಿತ್ತು, ನಾನಾ ರೋಗಿಗಳಿಗೆ ಔಷಧವಿತ್ತು. ಅದು ಸಕಲ ಜೀವಿಗಳಿಗೂ ಅಭಯವನ್ನೀಯುವ ಸ್ಥಾನವೆಂದೂ ಶಾಸನವು ಹೇಳುತ್ತದೆ. ವಿದ್ಯೆಯೂ ಅಭಯವೂ ಒಂದೇ ಸೂರಿನಡಿ ಇರಬೇಕೆಂದು ನಮ್ಮ ನೆಲದವರು ಎಣಿಸಿದ್ದ ಕಾಲವದು. ಇಂದು ನಮ್ಮ ಕಾಲೇಜುಗಳಲ್ಲಿ ಅನ್ನಛತ್ರವನ್ನೂ ಆಸ್ಪತ್ರೆಯನ್ನೂ ತೆರೆಯಲಾಗದಿರಬಹುದು. ಆದರೆ ಓದುಬರಹ ಬಲ್ಲ ನೂರಾರು ಮಕ್ಕಳಿದ್ದಾರೆ. ಅವರ ಊರುಗಳಲ್ಲಿ ಬಾಗಿಲು ಹಾಕಿಕೊಂಡು ಕುಳಿತ ಮಾಜಿ ಸೈನಿಕರಿದ್ದಾರೆ. ತಿಂಗಳಿಗೊಂದು ಮಧ್ಯಾಹ್ನ ಅವರೆದುರು ಕುಳಿತು, ಅವರು ಹೇಳುವುದನ್ನು ತಾಳ್ಮೆಯಿಂದ ಬರೆದುಕೊಂಡು, ಕಾಗದಗಳ ಅರ್ಥವನ್ನು ಕನ್ನಡದಲ್ಲಿ ತಿಳಿಸಿಕೊಟ್ಟರೆ ಸಾಕು. ಪಿಂಚಣಿ ಕೊಡುವುದು ಸರಕಾರದ ಕೆಲಸ. ಬದುಕಿ ಬಂದವನು ಹೇಳಿದುದನ್ನು ಅಳಿಯದಂತೆ ಬರೆದಿಡುವುದು ಈ ನಾಡಿನಲ್ಲಿ ಎಂದಿನಿಂದಲೂ ಅಕ್ಷರ ಬಲ್ಲವರ ಕೆಲಸವಾಗಿದೆ.